ಒಂದೇ ಕೈಯಲ್ಲಿ ಅಂಗಿ: ತೋಳಿನ ಗುಂಡಿಯ ತೊಡಕು ಬಗೆಹರಿದದ್ದು ಹೀಗೆ

ಒಂದು ಕೈಯಲ್ಲಿ ಬಲವಿಲ್ಲದವರು ಎದೆಯ ಗುಂಡಿಗಳನ್ನು ಇನ್ನೊಂದು ಕೈಯಲ್ಲಿ ಹೇಗೋ ಹಾಕಬಹುದು. ಕೆಲಸ ಮಾಡುವ ಕೈಯ ಮಣಿಕಟ್ಟಿನ ಗುಂಡಿಗೆ ಮಾತ್ರ ಅದೇ ಕೈಯ ಬೆರಳು ಎಟುಕುವುದಿಲ್ಲ. ಆದ್ದರಿಂದ ಗುಂಡಿ ಹಾಕಿದಂತೆಯೇ ಇದ್ದು, ಕೈ ತೂರಿಸುವಾಗ ತೋಳಿನ ತುದಿಯ ಪಟ್ಟಿ ಹಿಗ್ಗಬೇಕು.

ಮೊದಲು ಅಳತೆ. ಹೆಬ್ಬೆರಳನ್ನು ಒಳಗೆ ಮಡಚಿ ಅಂಗೈಯ ಅತಿ ಅಗಲದ ಸುತ್ತಳತೆ ನೋಡಿ. ಅದು 24 ಸೆಂ.ಮೀ., ಗುಂಡಿ ಹಾಕಿದ ಪಟ್ಟಿ 21.5 ಆದರೆ 2.5 ಸೆಂ.ಮೀ. ಹಿಗ್ಗು ಬೇಕು. ಒಳ್ಳೆಯ ಎಲಾಸ್ಟಿಕ್ ಎಳೆದಾಗ ಸುಮಾರು ಎರಡರಷ್ಟು ಉದ್ದವಾಗುತ್ತದೆ, ಹಾಗಾಗಿ 3 ಸೆಂ.ಮೀ. ಸಾಕು.

ಹೊಲಿದ ಗುಂಡಿಯನ್ನು ಕಿತ್ತು ತೆಗೆದು, ಅದೇ ಜಾಗದಲ್ಲಿ ಪಟ್ಟಿಯ ಹೊರಪದರಕ್ಕೆ ಮಾತ್ರ 8 ಮಿ.ಮೀ. ಕಾಜಾ ಮಾಡಿಸಿ. 6 ಮಿ.ಮೀ. ಅಗಲದ ಎಲಾಸ್ಟಿಕ್ಕನ್ನು 8 ಸೆಂ.ಮೀ. ಕತ್ತರಿಸಿ ಎರಡಾಗಿ ಮಡಚಿ. ತುದಿಗಳನ್ನು ಸೇಫ್ಟಿ ಪಿನ್ನಿನಿಂದ ಕಾಜಾದೊಳಗೆ ತೂರಿಸಿ, ಎರಡು ಪದರಗಳ ನಡುವೆ, ಅಂಚಿನಿಂದ ದೂರ ಹೋಗುವ ದಿಕ್ಕಿನಲ್ಲಿ ಒಯ್ದು, ಕಾಜಾದಿಂದ 3 ಸೆಂ.ಮೀ. ಆಚೆ ಗಟ್ಟಿಯಾಗಿ ಹೊಲಿಯಿರಿ. ಹೊರಗುಳಿದ ಮಡಿಕೆಗೆ ಗುಂಡಿ. ಸೂಜಿ ಮಡಿಕೆಯನ್ನು ಸುತ್ತಿಬರಲಿ. ರಬ್ಬರನ್ನೇ ಚುಚ್ಚಿದರೆ ಎಳೆ ಹರಿದು ಬೇಗ ಸಡಿಲಾಗುತ್ತದೆ. ತೆಳು ಎಲಾಸ್ಟಿಕ್ ದಾರ ಇದಕ್ಕೆ ಬೇಡ, ಬಾಳಿಕೆ ಬರುವುದಿಲ್ಲ. ಇಸ್ತ್ರಿಯ ಬಿಸಿಯೂ ಆ ಭಾಗಕ್ಕೆ ತಾಗಬಾರದು.

ಎದೆಯ ಭಾಗಕ್ಕೆ ವೆಲ್ಕ್ರೋ ಹಾಕುವುದಾದರೆ 2 ಸೆಂ.ಮೀ. ತುಂಡುಗಳೇ ಲೇಸು. ಉದ್ದ ಪಟ್ಟಿ ಸೆಟೆದು ನಿಲ್ಲುತ್ತದೆ, ಒಂದೆಡೆ ಓರೆಯಾದರೆ ಪೂರ್ತಿ ಓರೆ. ಒಗೆಯುವ ಮುನ್ನ ಅಂಟಿಸಿಡಿ, ಇಲ್ಲದಿದ್ದರೆ ಮುಳ್ಳುಭಾಗ ನೂಲು ಹಿಡಿಯುತ್ತದೆ.

ತೊಡುವಾಗ ಬಲವಿಲ್ಲದ ಕೈ ಮೊದಲು, ಬಿಚ್ಚುವಾಗ ಅದು ಕೊನೆಗೆ.