ಹದಿನೆಂಟು ರಾತ್ರಿಯ ಚೆಕ್‌ರೋಲ್: ಸೋಲೋ ಹಾರರ್ ಆಟ ಮಾಡಿದ ನನ್ನ ಅನುಭವ

ಒಬ್ಬನೇ ಕೂತು ಆಡುವ ಆಟದಲ್ಲಿ ಹೆದರಿಕೆ ಹುಟ್ಟುವುದಿಲ್ಲ, ಎದುರಿಗೆ ಒಬ್ಬ ಜಿಎಂ (ಕಥೆ ನಡೆಸುವ ಗೇಮ್ ಮಾಸ್ಟರ್) ಇರಲೇಬೇಕು ಅಂತ ನಮ್ಮ ಮಡಿಕೇರಿಯ ಭಾನುವಾರದ ಆಟದ ಗುಂಪಿನಲ್ಲಿ ಎಲ್ಲರೂ ಹೇಳಿದ್ದರು. ಅದರಲ್ಲಿ ಒಬ್ಬ ಗೆಳೆಯ, ಪುಸ್ತಕ ನಿನ್ನ ಕೈಲೇ ಇದೆ, ಪುಟ ತಿರುಗಿಸೋನೂ ನೀನೇ, ಇನ್ನು ಹೆದರಿಸೋರು ಯಾರು ಅಂತ ಕೇಳಿದ್ದ. ನಾಲ್ಕು ವರ್ಷ, ಮೂರು ಸೋಲು, ಸುಮಾರು 11 ಸಾವಿರ ರೂಪಾಯಿ ಆದ ಮೇಲೆ ಅದೇ ಗೆಳೆಯ ಕಳೆದ ಮಳೆಗಾಲದಲ್ಲಿ ರಾತ್ರಿ ಹನ್ನೊಂದೂವರೆಗೆ ಫೋನ್ ಮಾಡಿದ. "ಹೊಲಿದ ಪುಟ ಈಗ ಬಿಚ್ಚಿದೆ ಕಣೋ. ಒಳಗಿರೋ ಅಕ್ಷರ ನಂದೇ ಥರ ಇದೆ. ನೀನು ಯಾವಾಗ ಬರೆದಿಟ್ಟೆ?" ಅಂದ.

ನಾನು ಬರೆದಿರಲಿಲ್ಲ. ಅವನೇ ಬರೆದದ್ದು. ಆ ರಾತ್ರಿ ನನಗೆ ಆದಷ್ಟು ಸಂತೋಷ ಮೆಣಸಿಗೆ ಒಳ್ಳೆ ರೇಟು ಬಂದಾಗಲೂ ಆಗಿರಲಿಲ್ಲ.

ಮೊದಲು ಸೋತದ್ದನ್ನು ಹೇಳುತ್ತೇನೆ, ಯಾಕೆಂದರೆ ಈ ಕೆಲಸಕ್ಕೆ ಕೈ ಹಾಕುವವರು ಅಲ್ಲೇ ದುಡ್ಡು ಕಳೆಯುವುದು.

ಮೊದಲ ಪುಸ್ತಕ 120 ಪುಟದ್ದು. ದಾಳ ಹಾಕು, ಇಂಥ ಪುಟಕ್ಕೆ ಹೋಗು, ಓದು, ಮತ್ತೆ ದಾಳ ಹಾಕು. ಡಿಟಿಪಿ ಮಾಡಿಸಿ, ಅಂಟು ಬೈಂಡಿಂಗ್‌ನಲ್ಲಿ 25 ಪ್ರತಿ, ಒಂದಕ್ಕೆ ಹೆಚ್ಚುಕಡಿಮೆ 140 ರೂಪಾಯಿ ಬಿತ್ತು. ಮೇ ತಿಂಗಳಲ್ಲಿ ಚೆನ್ನಾಗಿತ್ತು. ಜುಲೈ ಎರಡನೇ ವಾರಕ್ಕೆ ಬೆನ್ನಿನ ಅಂಟು ಬಿಟ್ಟು ಹಾಳೆಗಳೆಲ್ಲ ಕೈಗೆ ಬಂದವು. ನಮ್ಮದು ಮಾದಾಪುರದ ಹತ್ತಿರ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬೀರುವಿನ ಒಳಗಿರುವ ಚಪ್ಪಲಿಗೂ ಬೂಷ್ಟು ಬರುತ್ತದೆ, ಪುಸ್ತಕ ಯಾವ ಲೆಕ್ಕ? ಆದರೆ ಬೈಂಡಿಂಗ್ ಬಿಟ್ಟದ್ದಕ್ಕಿಂತ ದೊಡ್ಡ ತೊಂದರೆ ಆಟದಲ್ಲೇ ಇತ್ತು. ಓದಿದವರು ಕಥೆ ಚೆನ್ನಾಗಿದೆ ಅಂದರು, ಒಬ್ಬರೂ ಹೆದರಿಕೆ ಆಯಿತು ಅನ್ನಲಿಲ್ಲ. ನಾನು ಬರೆದದ್ದನ್ನು ಅವರು ಓದುತ್ತಿದ್ದರು, ಅಷ್ಟೇ.

ಅದೇ ಪುಸ್ತಕದಲ್ಲಿ ಗುಡ್ಡ ಜರಿಯುವ ಭಾಗವೂ ಇತ್ತು. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಮುಕ್ಕೋಡ್ಲು, ಜೋಡುಪಾಲ ಕಡೆ ಗುಡ್ಡ ಜರಿದು ಏನಾಯಿತು ಅಂತ ಇಲ್ಲಿ ಯಾರಿಗೂ ಬಿಡಿಸಿ ಹೇಳಬೇಕಿಲ್ಲ. ಹಟ್ಟಿಹೊಳೆ ಕಡೆಯವರೊಬ್ಬರು ಆಡಲು ಕೂತರು, ಆ ಪುಟ ಬಂದಾಗ ಪುಸ್ತಕ ಮುಚ್ಚಿಟ್ಟು, ಕಾಫಿ ಕೂಡ ಕುಡಿಯದೆ ಎದ್ದು ಹೋದರು. ಅವತ್ತೇ ಆ ಭಾಗ ತೆಗೆದೆ, ಮತ್ತೆ ಎಂದೂ ಹಾಕಲಿಲ್ಲ. ನಮ್ಮ ಅತ್ತೆ ಇನ್ನೊಂದು ಮಾತು ಹೇಳಿದರು, "ಹಿರಿಯರ ಹೆಸರು, ದೈವದ ಹೆಸರು ಆಟಕ್ಕೆ ಬೇಡ ಮಗ." ಅದನ್ನೂ ಪಾಲಿಸಿದ್ದೇನೆ. ಹೆದರಿಸಲು ಅವರ್ಯಾರೂ ಬೇಕಾಗಲಿಲ್ಲ.

ಎರಡನೆಯದು ಕಾರ್ಡು. 54 ಕಾರ್ಡು, ಒಂದೊಂದರಲ್ಲಿ ಒಂದು ಪ್ರಾಂಪ್ಟ್ (ಕಥೆ ಮುಂದುವರಿಸಲು ಒಂದು ಸುಳಿವು), ಲ್ಯಾಮಿನೇಷನ್ ಸೇರಿ 4,200 ರೂಪಾಯಿ. ತೇವಕ್ಕೆ ಲ್ಯಾಮಿನೇಷನ್ ಅಂಚು ಎದ್ದು ಕಾರ್ಡು ಬಾಗಿದವು, ಒಂದೊಂದು ಒಂದೊಂದು ಥರ. ಮೂರನೇ ಆಟದ ಹೊತ್ತಿಗೆ ಕೆಟ್ಟ ಕಾರ್ಡು ಯಾವುದು ಅಂತ ಹಿಂದಿನಿಂದ ನೋಡಿದರೇ ಗೊತ್ತಾಗುತ್ತಿತ್ತು. ಆಮೇಲೆ ಜೆಂಗಾ ಥರದ, ಮರದ ತುಂಡು ಪೇರಿಸಿ ಒಂದೊಂದೇ ಎಳೆಯುವ ಗೋಪುರ ತರಿಸಿದೆ, 54 ತುಂಡು, 900 ರೂಪಾಯಿ. ಒಬ್ಬರೇ ಆಡುವ ಹಾರರ್‌ನಲ್ಲಿ ಗೋಪುರ ಬೀಳುವ ಭಯ ಚೆನ್ನಾಗಿ ಕೆಲಸ ಮಾಡುತ್ತದೆ. ಇಲ್ಲಿ ಮಾತ್ರ ಮರ ಉಬ್ಬಿ ತುಂಡುಗಳು ಒಂದಕ್ಕೊಂದು ಕಚ್ಚಿಕೊಂಡವು. ಎಳೆದರೆ ಎರಡೆರಡು ಒಟ್ಟಿಗೆ ಬರುತ್ತಿದ್ದವು. ಮಕ್ಕಳಿಗೆ ಆಡಲು ಕೊಟ್ಟೆ. ಇವುಗಳ ಜೊತೆಗೆ ಪೇಪರು, ಇಂಕು, ಬಸ್ಸಿನ ಓಡಾಟ ಸೇರಿಸಿದರೆ ಮೊದಲೇ ಹೇಳಿದ 11 ಸಾವಿರ.

ದಾರಿ ಸಿಕ್ಕಿದ್ದು ತೋಟದ ಆಫೀಸಿನಲ್ಲಿ. ನಾನು ಒಂದು ಕಾಫಿ ತೋಟದಲ್ಲಿ ರೈಟರ್, ಅಂದರೆ ಲೆಕ್ಕ ಬರೆಯುವವನ ಕೆಲಸ ಮಾಡಿದವನು. ಬೆಳಿಗ್ಗೆ ಆಳುಗಳ ಹೆಸರು ಕರೆದು ಚೆಕ್‌ರೋಲ್‌ನಲ್ಲಿ (ಹಾಜರಿ ಪುಸ್ತಕದಲ್ಲಿ) ಗುರುತು ಹಾಕುವುದು, ಸಂಜೆ ಮತ್ತೆ ಎಣಿಸುವುದು. ಜುಲೈ ಸಂಜೆ, ಮಂಜು, ನಾಲ್ಕು ಗಂಟೆಗೇ ಕತ್ತಲು. ಕಂಬಳಿ ಕೊಪ್ಪೆ, ಪ್ಲಾಸ್ಟಿಕ್ ಹಾಕಿಕೊಂಡು ಸಿಲ್ವರ್ ಓಕ್ ಮರಗಳ ನಡುವಿನಿಂದ ಬರುವವರ ಮುಖ ಕಾಣುವುದಿಲ್ಲ, ತಲೆ ಎಣಿಸಬಹುದು ಅಷ್ಟೇ. ಒಂದು ದಿನ ಎಣಿಸುವಾಗ ಒಂದು ತಲೆ ಜಾಸ್ತಿ ಬಂತು. ಪಕ್ಕದ ತೋಟದವನೊಬ್ಬ ನಮ್ಮವರ ಜೊತೆ ನಡೆದು ಬಂದಿದ್ದ, ಬೇರೇನೂ ಅಲ್ಲ. ಆದರೆ ಅದು ಗೊತ್ತಾಗುವ ಮುಂಚಿನ ಅರ್ಧ ನಿಮಿಷ ಇತ್ತಲ್ಲ, ಅದೇ ನನ್ನ ಆಟ ಅಂತ ಅಲ್ಲೇ ತೀರ್ಮಾನಿಸಿದೆ.

ಆಟ ಇಷ್ಟೇ. ಪುಸ್ತಕ ಒಂದು ಚೆಕ್‌ರೋಲ್. ನೀವು ಹೊಸ ರೈಟರ್. ಕೊಡವರ ಕಕ್ಕಡ ತಿಂಗಳ 1ರಿಂದ 18ರವರೆಗೆ ದಿನಕ್ಕೊಂದು ಪುಟ, ರಾತ್ರಿ ಹತ್ತು ಹದಿನೈದು ನಿಮಿಷ. ಮೊದಲ ರಾತ್ರಿ ಹತ್ತು ಜನರ ಹೆಸರು ನೀವೇ ಇಟ್ಟು ಬರೆಯಬೇಕು. ಆಮೇಲೆ ದಿನಾ ಬೆಳಗಿನ ಲೆಕ್ಕ, ಅವತ್ತಿನ ಕೆಲಸ (ಚಿಗುರು ಕೀಳುವುದೋ, ಬಿದ್ದ ಮರ ತೆರವು ಮಾಡುವುದೋ), ಒಂದು ಎಸೆತ, ಸಂಜೆಯ ಲೆಕ್ಕ. ಎಸೆತ ಕೆಟ್ಟರೆ ತೋಟಕ್ಕೆ ಹೋದವರಿಗಿಂತ ವಾಪಸ್ ಬಂದವರು ಒಬ್ಬರು ಜಾಸ್ತಿ. ಆ ಜಾಸ್ತಿ ಬಂದವರನ್ನೂ ಪುಸ್ತಕದಲ್ಲಿ ಬರೆಯಲೇಬೇಕು, ಆದರೆ ಹೊಸ ಹೆಸರು ಬರೆಯುವ ಹಾಗಿಲ್ಲ. ಇರುವ ಹತ್ತರಲ್ಲೇ ಒಂದನ್ನು ಎರಡನೇ ಸಲ ಬರೆಯಬೇಕು. ಯಾರನ್ನು ಅನ್ನುವುದು ನಿಮ್ಮ ಇಷ್ಟ. ನಾಳೆ ಬೆಳಿಗ್ಗೆ ಹೆಸರು ಕರೆಯುವಾಗ ಆ ಹೆಸರಿಗೆ ಇಬ್ಬರು ಓಗೊಡುತ್ತಾರೆ. ಅಳಿಸುವ ಹಾಗಿಲ್ಲ, ನಿಜವಾದ ರಿಜಿಸ್ಟರ್ ಥರವೇ. ತಪ್ಪಾದರೆ ಗೆರೆ ಎಳೆದು ಪಕ್ಕದಲ್ಲಿ ಸಹಿ ಹಾಕಬೇಕು. ಈ ಸಹಿ ನಿಯಮ ಸುಮ್ನೆ ಹಾಕಿದ್ದಲ್ಲ. ಸಹಿ ಹಾಕಿದವರು ಆ ತಪ್ಪನ್ನು ಮರೆಯುವುದಿಲ್ಲ.

ಮೊದಲು ಇದನ್ನು 31 ದಿನದ ಆಟ ಮಾಡಿದ್ದೆ. ಎರಡನೇ ವಾರಕ್ಕೆ ಎಲ್ಲರೂ ಬಿಟ್ಟರು. ಕಕ್ಕಡ 18, ಅಂದರೆ ಆಗಸ್ಟ್ 3ಕ್ಕೆ ಮುಗಿಸಿದ ಮೇಲೆ ಸರಿಹೋಯಿತು. ಅವತ್ತು ಮದ್ದು ಸೊಪ್ಪಿನಲ್ಲಿ 18 ಬಗೆಯ ಔಷಧಿ ಸೇರಿರುತ್ತದೆ ಅನ್ನುವ ನಂಬಿಕೆ ನಮ್ಮಲ್ಲಿದೆ, ಮನೆಮನೆಯಲ್ಲಿ ಅದರ ಪಾಯಸ ಮಾಡುತ್ತಾರೆ, ನೇರಳೆ ಬಣ್ಣದ್ದು. ಹಾಗಾಗಿ ಆಟದ ಕೊನೆಯ ಪುಟದಲ್ಲಿ ಒಂದೇ ಪ್ರಶ್ನೆ ಇದೆ. ಪಾಯಸಕ್ಕೆ ಎಷ್ಟು ಬಟ್ಟಲು ಇಡುತ್ತೀರಿ?

ಎಸೆತಕ್ಕೆ ಇಪ್ಪತ್ತು ಮುಖದ ದಾಳ ಬಿಟ್ಟು ನಾಲ್ಕು ಕವಡೆ ತೆಗೆದುಕೊಂಡೆ. ಚೌಕಾಬಾರ ಆಡಿದ ಕೈಗೆ ಇದನ್ನು ಕಲಿಸಬೇಕಿಲ್ಲ. ಎಷ್ಟು ಅಂಗಾತ ಬಿದ್ದವೋ ಅಷ್ಟು, ನಾಲ್ಕೂ ಅಂಗಾತವಾದರೆ ಚೌಕ, ನಾಲ್ಕೂ ಬೋರಲಾದರೆ ಬಾರ, ಅಂದರೆ ಎಂಟು. ಬಾರವೇ ಕೆಟ್ಟದ್ದು ಅಂತ ಮೊದಲು ಇಟ್ಟಿದ್ದೆ. ಕವಡೆ ಎರಡೂ ಕಡೆ ಸಮವಾಗಿ ಬೀಳುವುದಾದರೆ ಬಾರ 16 ಸಲಕ್ಕೆ ಒಂದು ಬರಬೇಕು. ಆಡಿ ನೋಡಿದರೆ ಹನ್ನೆರಡು ದಿನ ಕಳೆದರೂ ಏನೂ ಆಗಲಿಲ್ಲ, ಬರೀ ಹಾಜರಿ ಬರೆದದ್ದೇ ಬಂತು. ಆಮೇಲೆ ಒಂದು ಸಂಜೆ ಕೂತು 200 ಸಲ ಎಸೆದು ಬರೆದುಕೊಂಡೆ. ನನ್ನ ಕವಡೆಗಳು ನೂರಕ್ಕೆ ಅರವತ್ತರಷ್ಟು ಸಲ ಅಂಗಾತ ಬೀಳುತ್ತವೆ. 200ರಲ್ಲಿ ಬಾರ ಬಂದದ್ದು ಐದು ಸಲ, ಚೌಕ 26 ಇರಬೇಕು. ಎರಡನ್ನೂ ಅದಲುಬದಲು ಮಾಡಿದೆ. ಈಗ ಚೌಕ ಬಿದ್ದರೆ ಒಬ್ಬರು ಜಾಸ್ತಿ. 18 ದಿನದಲ್ಲಿ ಎರಡು ಮೂರು ಸಲ ಬರುತ್ತದೆ, ಅದೇ ಸರಿಯಾದ ಅಳತೆ. ದಿನಾ ಬಂದರೆ ಅಭ್ಯಾಸ ಆಗಿಬಿಡುತ್ತದೆ. ಬಾರ ಮೂರು ಆಟಕ್ಕೆ ಒಂದರಲ್ಲಿ ಬರುತ್ತದೆ, ಬಂದಾಗ ಏನಾಗುತ್ತದೆ ಅನ್ನುವುದನ್ನು ಇಲ್ಲಿ ಹೇಳುವುದಿಲ್ಲ. ನೀವು ಬೇರೆ ಕವಡೆ ತಂದರೆ ಮೊದಲು ಎಸೆದು ಎಣಿಸಿ, ಒಂದರ ಹಾಗೆ ಇನ್ನೊಂದು ಬೀಳುವುದಿಲ್ಲ. ಕವಡೆ ಸಿಗದವರಿಗೆ ಹುಣಸೆ ಬೀಜದ ಒಂದು ಬದಿ ಕಲ್ಲಿಗೆ ಉಜ್ಜಿ ಬಿಳಿ ಮಾಡಿ ಕಳಿಸಿದ್ದೇನೆ, ಅದೂ ನಡೆಯುತ್ತದೆ.

ನಡುವೆ ಮಳೆಯನ್ನೇ ದಾಳ ಮಾಡಿದ್ದೂ ಇದೆ. ಇಲ್ಲಿ ತೋಟದವರೆಲ್ಲ ಬೆಳಿಗ್ಗೆ ಎದ್ದು ಮಳೆ ಅಳೆಯುತ್ತಾರಲ್ಲ, ಇಂಚು ಸೆಂಟಿನ ಲೆಕ್ಕದಲ್ಲಿ (ಇಂಚಿನ ನೂರನೇ ಒಂದು ಭಾಗ ಒಂದು ಸೆಂಟ್). ಮೂರು ಇಂಚು 47 ಸೆಂಟ್ ಅಂದರೆ ಕೊನೆಯ ಅಂಕಿ ಏಳು. ಸೊನ್ನೆಯಿಂದ ಒಂಬತ್ತರವರೆಗೆ ಹತ್ತು ಮುಖದ ದಾಳ ದಿನಾ ಆಕಾಶದಿಂದಲೇ ಸಿಗುತ್ತದೆ, ಮೋಸ ಮಾಡಲು ಆಗುವುದಿಲ್ಲ. ಒಂದು ವಾರ ಬಹಳ ಚೆನ್ನಾಗಿ ನಡೆಯಿತು. ಆಮೇಲೆ ನಾನು ಊರಲ್ಲಿ ಇಲ್ಲದ ದಿನ ಪಕ್ಕದ ತೋಟದವರ ಲೆಕ್ಕ ತೆಗೆದುಕೊಂಡೆ, ಅವರು ಐದೈದು ಸೆಂಟಿಗೆ ಸರಿ ಮಾಡಿ ಬರೆಯುವವರು, ಬರೀ ಸೊನ್ನೆ ಮತ್ತು ಐದೇ ಬಂತು. ಮೈಸೂರು ಬೆಂಗಳೂರಿನವರ ಹತ್ತಿರ ಮಾಪಕವೂ ಇರುವುದಿಲ್ಲ. ಕೊನೆಗೆ ಒಂದು ನಿಯಮ ಮಾತ್ರ ಉಳಿಸಿಕೊಂಡೆ. ಒಂದು ಇಂಚು ದಾಟಿದ ದಿನ ಕವಡೆ ಎರಡು ಸಲ ಎಸೆಯಬೇಕು. ಮಾಪಕ ಇದ್ದವರಿಗೆ ಮಾತ್ರ ಇದು. ಜೋರು ಮಳೆಯ ರಾತ್ರಿ ಹಾಸಿಗೆಯಲ್ಲಿ ಮಲಗಿಕೊಂಡೇ ನಾಳೆಯ ಎಸೆತದ ಯೋಚನೆ ಶುರುವಾಗುತ್ತದೆ.

ಈಗ ಹೊಲಿದ ಪುಟದ ವಿಷಯ. ಮುಂದೆ ಬರುವುದನ್ನು ಮೊದಲೇ ತೆರೆದು ನೋಡದಂತೆ ಮುಚ್ಚುವುದು ಹೇಗೆ ಅಂತ ಎರಡು ಮಳೆಗಾಲ ತಲೆ ಕೆಡಿಸಿಕೊಂಡೆ. ಮೈದಾ ಗೋಂದು ಹಚ್ಚಿದೆ, ಜಿರಲೆ ತಿಂದವು, ಉಳಿದದ್ದಕ್ಕೆ ಬೂಷ್ಟು ಬಂತು. ಬೈಂಡರ್‌ಗಳು ಗೋಂದಿಗೆ ಮೈಲುತುತ್ತ ಹಾಕುತ್ತಾರೆ, ಮೆಣಸಿಗೆ ಮೈಲುತುತ್ತದ ಬೋರ್ಡೋ ದ್ರಾವಣ ಹೊಡೆಯುವ ಮನೆಯಲ್ಲಿ ಅದಕ್ಕೇನು ಬರ. ಅರ್ಧ ಕೆಜಿ ಮೈದಾಕ್ಕೆ ಒಂದು ಚಮಚದಷ್ಟು ಹಾಕಿದೆ. (ಅದು ವಿಷ, ಮಕ್ಕಳ ಕೈಗೆ ಸಿಗಬಾರದು.) ಬೂಷ್ಟು ನಿಂತಿತು, ಆದರೆ ಬಿಡಿಸುವಾಗ ಹಾಳೆ ಹರಿಯಿತು. ಕೊನೆಗೆ ಸೂಜಿ ದಾರ ತೆಗೆದುಕೊಂಡೆ. ಎರಡು ಹಾಳೆಯ ಮೂರು ಅಂಚನ್ನು ಸೇರಿಸಿ ಕಚ್ಚಾ ಹೊಲಿಗೆ, ಕೆಂಪು ದಾರ. ಒಮ್ಮೆ ಬಿಚ್ಚಿದರೆ ಮತ್ತೆ ಹೊಲಿದರೂ ಗೊತ್ತಾಗುತ್ತದೆ. ಕರೆಂಟು ಇಲ್ಲದ ರಾತ್ರಿ ಬ್ಲೇಡಿನಿಂದ ಒಂದೊಂದೇ ಹೊಲಿಗೆ ಕತ್ತರಿಸುವಾಗ ಬರುವ ಸದ್ದು ಇದೆಯಲ್ಲ, ಅದನ್ನು ನಾನು ಯೋಚಿಸಿ ಮಾಡಿದ್ದಲ್ಲ. ಆದರೆ ಆಡಿದವರೆಲ್ಲ ಅದನ್ನೇ ಮೊದಲು ಹೇಳುತ್ತಾರೆ.

ಆ ಹೊಲಿದ ಚೀಲದ ಒಳಗೇ ಗೆಳೆಯನ ಅಕ್ಷರ ಇದ್ದದ್ದು. ಬಿಲ್ ಪುಸ್ತಕದಲ್ಲಿ ಕಾರ್ಬನ್ ಇಲ್ಲದೆಯೇ ಪ್ರತಿ ಮೂಡುವ ಹಾಳೆ ಬರುತ್ತದಲ್ಲ, ಅದು. ಮೇಲಿನ ಪುಟದಲ್ಲಿ ಒತ್ತಿ ಬರೆದರೆ ಒಳಗೆ ಮೂಡುತ್ತದೆ. ಮೊದಲು ಮಾಮೂಲಿ ಕಾರ್ಬನ್ ಹಾಳೆ ಹಾಕಿದ್ದೆ, ತೇವಕ್ಕೆ ಎಲ್ಲ ಕಡೆ ಮೆತ್ತಿಕೊಂಡಿತು. ಜೆಲ್ ಪೆನ್ನಿನಲ್ಲಿ ಬರೆದರೆ ಒತ್ತು ಸಾಲದು, ಅದಕ್ಕೆ ಪ್ರತಿ ಪುಸ್ತಕದ ಜೊತೆ ಐದು ರೂಪಾಯಿಯ ಬಾಲ್ ಪೆನ್ ಕಟ್ಟಿ ಕೊಡುತ್ತೇನೆ. ಮೇಲೆ ಹಾಜರಿ ಅಂತ ನೀವು ಬರೆದ ಹೆಸರುಗಳು ಒಳಗಿನ ಹಾಳೆಯಲ್ಲಿ ಬೇರೆ ತಲೆಬರಹದ ಕೆಳಗೆ ಹೋಗಿ ಕೂತಿರುತ್ತವೆ. ಆ ತಲೆಬರಹ ಏನು ಅಂತ ಹೇಳುವುದಿಲ್ಲ, ಬೆರಳಿಗೆ ಸಿಗದ ಹಾಗೆ ಹಾಳೆಯನ್ನು ಹೇಗೆ ಕೂರಿಸುತ್ತೇನೆ ಅನ್ನುವುದನ್ನೂ ಹೇಳುವುದಿಲ್ಲ. ಇಷ್ಟು ಹೇಳಿದರೆ ಆಟ ಕೆಡುವುದಿಲ್ವಾ ಅಂತ ಕೇಳಬಹುದು. ಹೊಸ ಪ್ರತಿಗಳಲ್ಲಿ ಎಲ್ಲದರ ಜಾಗ ಬದಲಿಸಿದ್ದೇನೆ. ಮತ್ತೆ, ಗೊತ್ತಿದ್ದೂ ಆಡಿದ ಇಬ್ಬರು ಹದಿನಾಲ್ಕನೇ ರಾತ್ರಿ ಸಾಕು ಅಂತ ನಿಲ್ಲಿಸಿದರು.

ನಾಲ್ಕು ವರ್ಷಕ್ಕೆ ನನಗೆ ಅರ್ಥವಾದದ್ದು ಇದು. ಪುಸ್ತಕ ಎಷ್ಟೇ ಭಯದ ಮಾತು ಆಡಿದರೂ ಆಡುವವರು ಅದನ್ನು ಬೇರೆಯವರ ಮಾತು ಅಂತಲೇ ಓದುತ್ತಾರೆ. ಅವರ ಕೈಯಿಂದಲೇ ಬರೆಸಿ, ಅದನ್ನು ಅವರಿಂದ ಬಚ್ಚಿಟ್ಟು, ಹತ್ತು ದಿನ ಬಿಟ್ಟು ಅವರಿಗೇ ತೋರಿಸಬೇಕು. ನನ್ನ ಪುಸ್ತಕದಲ್ಲಿ ನಾನು ಬರೆದ ಸಾಲು ಒಟ್ಟು ಸೇರಿಸಿದರೆ ಎರಡು ಪುಟ ದಾಟುವುದಿಲ್ಲ.

ಸಾಲು ಕಡಿಮೆಯಾದ ಮೇಲೆ ಪ್ರಿಂಟಿಂಗೇ ಬೇಡವಾಯಿತು. ಅಂಗಡಿಯಲ್ಲಿ ಸಿಗುವ ಹೊಲಿಗೆ ಬೈಂಡಿಂಗ್‌ನ ಉದ್ದ ರಿಜಿಸ್ಟರ್, ಸಗಟಿನಲ್ಲಿ 90 ರೂಪಾಯಿ. ಆರು ರಬ್ಬರ್ ಸ್ಟಾಂಪ್ ಮಾಡಿಸಿದೆ, 1,500 ಆಯಿತು, ಒಂದು ಸಲದ ಖರ್ಚು. ಪ್ರತಿ ಮೂಡುವ ಹಾಳೆ, ದಾರ, ಕವಡೆ, ಪೆನ್ನು ಎಲ್ಲ ಸೇರಿ ಒಂದು ಪ್ರತಿ 160ರ ಹತ್ತಿರ ಬೀಳುತ್ತದೆ. 350ಕ್ಕೆ ಕೊಡುತ್ತೇನೆ. ಮೊದಲ ಸಲ 40 ಮಾಡಿದೆ, ಆರು ಕೆಟ್ಟವು, ಅದು ನನ್ನದೇ ತಪ್ಪು. ಬಾಗದಿರಲಿ ಅಂತ ಪೇರಿಸಿ ಮೇಲೆ ಕಲ್ಲು ಹೇರಿದ್ದೆ, ಒತ್ತಡಕ್ಕೆ ಒಳಗಿನ ಹಾಳೆಯಲ್ಲಿ ಬರೆಯುವ ಮುಂಚೆಯೇ ನೀಲಿ ಕಲೆ ಮೂಡಿತು. ಉಳಿದ 34 ಒಂದೂವರೆ ತಿಂಗಳಲ್ಲಿ ಹೋದವು. ಹಳೆಯ ನಷ್ಟದಲ್ಲಿ ಮೂರನೇ ಒಂದು ಭಾಗಕ್ಕಿಂತ ಸ್ವಲ್ಪ ಜಾಸ್ತಿ ತುಂಬಿದೆ.

ಈ ಸಲ 12 ಮಾತ್ರ ಮಾಡಿದ್ದೇನೆ. ಒಲೆಯ ಮೇಲಿನ ಅಟ್ಟದಲ್ಲಿ ಬಿಡಿಬಿಡಿಯಾಗಿ ನಿಲ್ಲಿಸಿದ್ದೇನೆ, ಹೊಗೆಗೆ ಬೂಷ್ಟು ಹತ್ತುವುದಿಲ್ಲ. ಪುಸ್ತಕಕ್ಕೆ ಹೊಗೆ ವಾಸನೆ ಹಿಡಿಯುತ್ತದೆ, ತೋಟದ ಹಳೆಯ ಚೆಕ್‌ರೋಲ್‌ಗೂ ಅದೇ ವಾಸನೆ ಇರುತ್ತಿತ್ತು. ಹನ್ನೆರಡರಲ್ಲಿ ಒಂದನ್ನು ಆ ಗೆಳೆಯ ಈಗಲೇ ಹೇಳಿಟ್ಟಿದ್ದಾನೆ. ಹೋದ ಸಲ ಅವನು ಕೊನೆಯ ಪುಟದಲ್ಲಿ ಹನ್ನೆರಡು ಬಟ್ಟಲು ಬರೆದಿದ್ದ. ಹತ್ತು ಆಳು, ರೈಟರ್ ಒಬ್ಬ, ಇನ್ನೊಂದು ಯಾರಿಗೆ ಅಂತ ನಾನು ಕೇಳಿದೆ, ಅವನು ಹೇಳಲಿಲ್ಲ.