ಅತಿಥಿಗೆ ಕೇಳುವ ಎರಡು ಪ್ರಶ್ನೆ

ನಮ್ಮ ಸೇವಾ ಕ್ಲಬ್ಬಿನ ಸಭೆಗಳಿಗೆ ಅತಿಥಿಗಳನ್ನು ಕರೆಸುವ ಹೊಣೆ ನನ್ನ ಪಾಲಿಗೆ ಬಂತು. ಮೊದಲ ವರ್ಷ ಯಾರು ಸಿಕ್ಕರೋ ಅವರನ್ನು ಕರೆದೆ. ಭಾಷಣ, ಚಪ್ಪಾಳೆ, ವಂದನಾರ್ಪಣೆ, ಅಷ್ಟೇ. ಸೇವಾ ಕೆಲಸ ನೋಡಿಕೊಳ್ಳಲು ಬೇರೆ ಸಮಿತಿ ಇತ್ತು. ಕೇಳಿದ ಮಾತಿಗೂ ಮಾಡುವ ಕೆಲಸಕ್ಕೂ ನಂಟೇ ಇರಲಿಲ್ಲ.

ಒಂದು ಸಂಜೆ ಬ್ಲಡ್ ಬ್ಯಾಂಕಿನ ವೈದ್ಯೆಯೊಬ್ಬರು ಬಂದಿದ್ದರು. ನಾವು ಪ್ರತಿ ವರ್ಷ ಒಂದು ದೊಡ್ಡ ರಕ್ತದಾನ ಶಿಬಿರ ಮಾಡುತ್ತಿದ್ದೆವು. ಜನ ಜಾಸ್ತಿ ಬಂದಷ್ಟೂ ನಮಗೆ ಹೆಮ್ಮೆ. ಭಾಷಣ ಮುಗಿದ ಮೇಲೆ ನಮ್ಮ ಹಿರಿಯ ಸದಸ್ಯರೊಬ್ಬರು ಕೇಳಿದರು: "ಮೇಡಂ, ನಾವು ಮಾಡ್ತಿರೋದರಲ್ಲಿ ನಿಮಗೆ ಬೇಡವಾದದ್ದು ಏನಾದರೂ ಇದೆಯಾ?"

ಅವರು ಸ್ವಲ್ಪ ತಡೆದರು. "ಬೇಜಾರು ಮಾಡ್ಕೋಬೇಡಿ ಸರ್. ಅಷ್ಟೂ ರಕ್ತ ಒಂದೇ ದಿನ ಬಂದರೆ ನಮಗೆ ಕಷ್ಟ" ಎಂದರು.

ಆಮೇಲೆ ಬಿಡಿಸಿ ಹೇಳಿದರು. ಪ್ಲೇಟ್‌ಲೆಟ್‌ಗಳು ಸಾಮಾನ್ಯವಾಗಿ 5 ದಿನ ಮಾತ್ರ ಬಾಳುತ್ತವೆ. ಕೆಂಪು ರಕ್ತಕಣಗಳನ್ನು ತಣ್ಣಗೆ ಕಾಪಾಡಿದರೂ ಹೆಚ್ಚೆಂದರೆ 42 ದಿನ. ಒಮ್ಮೆ ರಕ್ತ ಕೊಟ್ಟವರು ಮತ್ತೆ ಕೊಡಲು ಕೆಲವು ವಾರ, ಕೆಲವು ಕಡೆ ತಿಂಗಳುಗಟ್ಟಲೆ ಕಾಯಬೇಕು. ಅಂದರೆ ಶಿಬಿರದ ವಾರ ರಕ್ತ ತುಂಬಿ ತುಳುಕುತ್ತದೆ. ಎರಡು ತಿಂಗಳಾದ ಮೇಲೆ ತುರ್ತಾಗಿ ಬೇಕಾದಾಗ ಅದರಲ್ಲಿ ಏನೂ ಉಳಿದಿರುವುದಿಲ್ಲ. ಇಷ್ಟು ವರ್ಷ ಇದನ್ನು ನಾವು ಯಾರೂ ಕೇಳಿರಲಿಲ್ಲವಲ್ಲ ಎಂದು ಮನಸ್ಸಿಗೆ ಚುಚ್ಚಿತು.

ಮುಂದಿನ ವರ್ಷ ಒಂದು ಶಿಬಿರವನ್ನು ನಾಲ್ಕಾಗಿ ಒಡೆದೆವು. ದಾನಿಗಳ ಪಟ್ಟಿಯನ್ನೂ ನಾಲ್ಕು ಗುಂಪು ಮಾಡಿದೆವು. ದಿನ ಗೊತ್ತುಮಾಡುವುದು ನಾವಲ್ಲ, ಬ್ಲಡ್ ಬ್ಯಾಂಕಿನವರು. ರಜೆಗಳ ಸಮಯದಲ್ಲಿ ದಾನಿಗಳು ಕಡಿಮೆ, ಆಗ ಒಂದು ಇಟ್ಟುಕೊಳ್ಳಿ ಎಂದರು. ಮೊದಲ ಸಣ್ಣ ಶಿಬಿರದಲ್ಲಿ ಅರ್ಧ ಕುರ್ಚಿ ಖಾಲಿ. "ಇಷ್ಟೇನಾ?" ಎಂದು ಸದಸ್ಯರೊಬ್ಬರ ಮುಖ ಸಪ್ಪಗಾಯಿತು. ನಿಜ ಹೇಳಬೇಕೆಂದರೆ, ದೊಡ್ಡ ಸಂಖ್ಯೆಯ ಆಸೆ ಬಿಡಿಸುವುದೇ ಈ ಬದಲಾವಣೆಯಲ್ಲಿ ಎಲ್ಲಕ್ಕಿಂತ ಕಷ್ಟದ ಕೆಲಸ.

ಅವತ್ತಿನಿಂದ ಪ್ರತಿ ಅತಿಥಿಗೂ ಎರಡು ಪ್ರಶ್ನೆಗಳನ್ನು ಮೊದಲೇ ಕಳಿಸುತ್ತೇನೆ. ನಮ್ಮಿಂದ ನಿಮಗೆ ಏನಾಗಬೇಕು? ಏನು ಬೇಡ? ಎರಡನೆಯದನ್ನು ಸಭೆಯಲ್ಲಿ ದಿಢೀರನೆ ಕೇಳಿದರೆ ದಾಕ್ಷಿಣ್ಯಕ್ಕೆ ಬಾಯಿ ಬಿಡುವುದಿಲ್ಲ. ಯೋಚಿಸಲು ಸಮಯ ಕೊಟ್ಟರೆ ಮನಸ್ಸು ಬಿಚ್ಚಿ ಹೇಳುತ್ತಾರೆ. ಭಾಷಣಕ್ಕೆ 20 ನಿಮಿಷ, ಪ್ರಶ್ನೆಗಳಿಗೂ 20 ನಿಮಿಷ. ಸೇವಾ ಸಮಿತಿಯವರು ಅವತ್ತು ಮುಂದಿನ ಸಾಲಿನಲ್ಲಿ ಕೂತು ಬರೆದುಕೊಳ್ಳಲೇಬೇಕು.

ಅತಿಥಿಯ ಮಾತು ಎಷ್ಟು ದೂರ ಹೋಗಬಲ್ಲದು ಎನ್ನುವುದಕ್ಕೆ ಹೊಸ ಸದಸ್ಯರಿಗೆ ನಾನು ಕಣ್ಣು ಕಾಣದ, ಕಿವಿಯೂ ಕೇಳದ ಅಮೆರಿಕದ ಲೇಖಕಿ ಹೆಲೆನ್ ಕೆಲರ್ ಅವರ ಪ್ರಸಂಗ ಹೇಳುತ್ತೇನೆ. 1925ರಲ್ಲಿ ಅಮೆರಿಕದ ಓಹಾಯೋದಲ್ಲಿ ಲಯನ್ಸ್ ಸಮಾವೇಶಕ್ಕೆ ಅವರು ಬಂದಿದ್ದರು. ಕಣ್ಣಿಲ್ಲದವರ ಪರವಾಗಿ ನಿಲ್ಲಿ ಎಂದು ಕೇಳಿಕೊಂಡರು. ಸುಮ್ನೆ ಹೊಗಳಿ ಹೋಗಿದ್ದರೆ ಆ ಭಾಷಣ ಅಲ್ಲಿಗೇ ಮುಗಿಯುತ್ತಿತ್ತು, ಅಲ್ವಾ? ಆದರೆ ಅವರು ಕೇಳಿದ್ದು ಒಂದು ಕೆಲಸವನ್ನು. ಲಯನ್ಸ್ ಕ್ಲಬ್‌ಗಳು ಇವತ್ತಿಗೂ ಕಣ್ಣಿನ ಸೇವೆ ಮಾಡುತ್ತಿವೆ.

ಎಲ್ಲ ಭಾಷಣದಿಂದಲೂ ಯೋಜನೆ ಹುಟ್ಟಬೇಕಿಲ್ಲ. ನಮ್ಮಲ್ಲಿ ಹತ್ತರಲ್ಲಿ ಎರಡು ಹುಟ್ಟಿದರೆ ಹೆಚ್ಚು. ಆದರೆ ಹುಟ್ಟಿದ್ದಕ್ಕೆ ಒಂದು ನಿಯಮ ಇಟ್ಟುಕೊಂಡಿದ್ದೇವೆ. ವರ್ಷ ಕಳೆದ ಮೇಲೆ ಅದೇ ಅತಿಥಿಯನ್ನು ಮತ್ತೆ ಕರೆಯುತ್ತೇವೆ. ಆ ದಿನ ಅವರ ಭಾಷಣ ಇರುವುದಿಲ್ಲ. ನಾವು ಏನು ಮಾಡಿದೆವು, ಎಲ್ಲಿ ಎಡವಿದೆವು ಎಂದು ಹೇಳುತ್ತೇವೆ, ಅವರು ಕೇಳಿಸಿಕೊಳ್ಳುತ್ತಾರೆ. ಆ ವೈದ್ಯೆ ಹಾಗೆ ಮತ್ತೆ ಬಂದಾಗ ಐದನೆಯ ಶಿಬಿರದ ದಿನವನ್ನು ಅವರೇ ಬರೆದುಕೊಂಡು ಬಂದಿದ್ದರು.