ಪ್ರಾಣಿಯ ಹೆಸರಿನ ಬೇರು ಹುಡುಕುವ ಬಗೆ

ಹುಲಿ, ಹಂದಿ, ಹಾವು, ಹಲ್ಲಿ. ಇವುಗಳ ಮೂಲ ಬೇಕಿದ್ದರೆ ನಿಘಂಟು ಆಮೇಲೆ ತೆರೆಯಿರಿ. ಮೊದಲು ‘ಹ’ ತೆಗೆದು ‘ಪ’ ಹಾಕಿ ಗಟ್ಟಿಯಾಗಿ ಹೇಳಿ ನೋಡಿ: ಪುಲಿ, ಪಂದಿ, ಪಾವು, ಪಲ್ಲಿ. ಇದು ಪಂಪನ ಕಾಲದ ಕನ್ನಡ. ಮುಂದಿನ ಶತಮಾನಗಳಲ್ಲಿ ಪದದ ಮೊದಲಿನ ಪಕಾರ ನಮ್ಮಲ್ಲಿ ಹಕಾರವಾಯಿತು, ನೆರೆಯವರಲ್ಲಿ ಹಾಗೇ ಉಳಿಯಿತು. ನನ್ನ ಮನೆಮಾತು ತುಳು. ಅಲ್ಲಿ ಹುಲಿ ‘ಪಿಲಿ’, ಹಂದಿ ‘ಪಂಜಿ’. ಕನ್ನಡ ಮೇಷ್ಟ್ರಾಗಿ ಬಳ್ಳಾರಿಗೆ ಬಂದರೆ ತರಗತಿಯ ತೆಲುಗು ಹುಡುಗರ ಬಾಯಲ್ಲಿ ಪುಲಿ, ಪಂದಿ, ಪಾಮು. ತಮಿಳರದು ಪುಲಿ, ಪನ್ರಿ, ಪಾಂಬು. ಹೀಗೆ ಮೂರು ನಾಲ್ಕು ಭಾಷೆಗಳ ರೂಪಗಳನ್ನು ಒಂದೇ ಸಾಲಿನಲ್ಲಿ ಬರೆದುಕೊಳ್ಳಿ. ಅದೇ ಅಕ್ಷರಪಲ್ಲಟ ಹತ್ತಾರು ಪದಗಳಲ್ಲಿ ತಪ್ಪದೆ ಕಂಡರೆ ನಂಟು ಗಟ್ಟಿ. ಒಂಟಿ ಪದದ ಹೋಲಿಕೆಯನ್ನು ನಾನಂತೂ ನಂಬುವುದಿಲ್ಲ.

ಹಾಗಂತ ಕಂಡ ಹಕಾರಕ್ಕೆಲ್ಲ ಇದನ್ನು ಹಚ್ಚಬೇಡಿ. ಹಂಸಕ್ಕೆ ಹಚ್ಚಿದರೆ ‘ಪಂಸ’! ಅದು ಸಂಸ್ಕೃತದ್ದು, ಅದರ ದಾಯಾದಿಗಳು ಜರ್ಮನ್ನಿನ ‘ಗಾನ್ಸ್’, ಇಂಗ್ಲಿಷಿನ ‘ಗೂಸ್’. ‘ಹಕ್ಕಿ’ ಇನ್ನೂ ಕಿಲಾಡಿ. ಸಂಸ್ಕೃತದ ‘ಪಕ್ಷಿ’, ಅಂದರೆ ರೆಕ್ಕೆಯುಳ್ಳದ್ದು, ಬಹಳ ಹಿಂದೆಯೇ ‘ಪಕ್ಕಿ’ಯಾಗಿ ಕನ್ನಡದೊಳಗೆ ಸೇರಿ, ಹುಲಿ ಹಂದಿಗಳ ಜೊತೆಗೇ ಹಕಾರಕ್ಕೆ ತಿರುಗಿತು. ಅದಕ್ಕೇ ಅಚ್ಚಗನ್ನಡವೆಂದು ತೀರ್ಪು ಕೊಡುವ ಮುನ್ನ 1894ರ ಕಿಟೆಲ್ ನಿಘಂಟು ನೋಡಿ, ತದ್ಭವವಾಗಿದ್ದರೆ ಗೊತ್ತಾಗುತ್ತದೆ. ದ್ರಾವಿಡ ಪದವೆನಿಸಿದರೆ ಬರೋ ಮತ್ತು ಎಮೆನೋ ಅವರ ದ್ರಾವಿಡ ವ್ಯುತ್ಪತ್ತಿ ಕೋಶ ಇದೆ. ಶಿಕಾಗೋ ವಿಶ್ವವಿದ್ಯಾಲಯದ ಜಾಲತಾಣದಲ್ಲಿ ಪುಕ್ಕಟೆ ಸಿಗುತ್ತದೆ.

ಹೊರಗಿನ ಹೆಸರು ಉದ್ದವಾಗಿದ್ದರೆ ಒಡೆದು ನೋಡಿ. ಒರಾಂಗುಟಾನ್ ಮಲಯ ಭಾಷೆಯಲ್ಲಿ ಒರಾಂಗ್, ಹುತಾನ್: ಕಾಡಿನ ಮನುಷ್ಯ. ಇಂಗ್ಲಿಷರ ‘ಬ್ಯಾಂಡಿಕೂಟ್’ ಅಂತೂ ನಮ್ಮ ಹೆಗ್ಗಣವೇ. ತೆಲುಗಿನ ‘ಪಂದಿಕೊಕ್ಕು’, ಹಂದಿಯಂಥ ಇಲಿ, ಅವರ ನಾಲಿಗೆಯಲ್ಲಿ ಹಾಗಾಯಿತು. ಅದೇ ಹೆಸರನ್ನು ಹೊತ್ತುಕೊಂಡು ಹೋಗಿ ಆಸ್ಟ್ರೇಲಿಯಾದ ಒಂದು ಹೊಟ್ಟೆಚೀಲದ ಪ್ರಾಣಿಗೂ ಅಂಟಿಸಿದರು.

ಆಸ್ಟ್ರೇಲಿಯಾ ಅಂದಮೇಲೆ ಕಾಂಗರೂ. ಬಿಳಿಯರು ‘ಇದೇನು’ ಎಂದು ಕೇಳಿದರಂತೆ, ಸ್ಥಳೀಯರು ‘ಗೊತ್ತಿಲ್ಲ’ ಎಂದರಂತೆ, ಅದೇ ಹೆಸರಾಯಿತಂತೆ! ಹೆಸರಿನ ಹಿಂದೆ ಇಷ್ಟು ಸೊಗಸಾದ ಕಥೆ ಕೇಳಿಸಿದರೆ ಅನುಮಾನಪಡಿ. ಆ ಜಾಗದ ಭಾಷೆಯಲ್ಲೇ ಹುಡುಕಿ. 1770ರಲ್ಲಿ ಇಂಗ್ಲಿಷ್ ನಾವಿಕ ಜೇಮ್ಸ್ ಕುಕ್‌ನ ಹಡಗು ರಿಪೇರಿಗೆ ನಿಂತ ಊರಿನ ಭಾಷೆ ಗೂಗು ಯಿಮಿಥಿರ್. ಅದರಲ್ಲಿ ‘ಗಂಗುರು’ ಎಂದರೆ ಒಂದು ಜಾತಿಯ ದೊಡ್ಡ ಕಾಂಗರೂ. 1970ರ ದಶಕದಲ್ಲಿ ಭಾಷಾವಿಜ್ಞಾನಿ ಜಾನ್ ಹ್ಯಾವಿಲ್ಯಾಂಡ್ ಅಲ್ಲಿನವರ ಬಾಯಿಂದಲೇ ಕೇಳಿ ದಾಖಲಿಸಿದರು.

ಕಡೆಯದಾಗಿ, ಭಯ. ರಷ್ಯನ್ನರು ಕರಡಿಗೆ ‘ಮೆದ್ವೇದ್’ ಎನ್ನುತ್ತಾರೆ, ಅಂದರೆ ಜೇನು ತಿನ್ನುವುದು; ನಿಜವಾದ ಹೆಸರೆತ್ತಲು ಹೆದರಿ ಇಟ್ಟುಕೊಂಡ ಹೆಸರದು. ನಮ್ಮ ಹಳ್ಳಿಗಳಲ್ಲೂ ಹಾವು ಕಚ್ಚಿತು ಅನ್ನದೆ ‘ಹುಳ ಮುಟ್ಟಿತು’ ಅನ್ನುವವರಿದ್ದಾರೆ. ಇಂಥ ಮರೆಹೆಸರುಗಳು ಬೇಕಿದ್ದರೆ ಹಿರಿಯರನ್ನೇ ಕೇಳಬೇಕು, ಅದೂ ‘ರಾತ್ರಿ ಹೊತ್ತು ಇದಕ್ಕೇನಂತೀರಿ’ ಎಂದು. ಬರೆದುಕೊಳ್ಳುವಾಗ ಹೇಳಿದವರ ಊರನ್ನೂ ಸೇರಿಸಿ. ಮುಂದಿನೂರಲ್ಲಿ ಬೇರೆಯದೇ ಸಿಕ್ಕೀತು.